ವೈವಾಹಿಕ ರಾಜಿ ಮತ್ತು ಕ್ರಿಮಿನಲ್ ಮೊಕದ್ದಮೆಯ ಮುಕ್ತಾಯ: ಜಹೀರಾಬಾದ್, ನಾರಾಯಣಖೇಡ, ತಾಂಡೂರು

ವೈವಾಹಿಕ ರಾಜಿಯ ಮೇಲೆ ಮೊಕದ್ದಮೆಯ ಮುಕ್ತಾಯ ಎಂದರೆ, ಹೆಂಡತಿಯ ದೂರಿನ ಮೇಲೆ ಗಂಡ ಮತ್ತು ಅವನ ಮನೆಯವರ ವಿರುದ್ಧ ದಾಖಲಾದ ಕ್ರೌರ್ಯ, ವರದಕ್ಷಿಣೆ ಮುಂತಾದ ಕ್ರಿಮಿನಲ್ ಪ್ರಕರಣವನ್ನು, ದಂಪತಿಗಳ ವ್ಯಾಜ್ಯ ಬಗೆಹರಿದ ಮೇಲೆ, ಅಪರಾಧ ನಡೆದಿತ್ತೇ ಇಲ್ಲವೇ ಎಂಬ ತೀರ್ಮಾನಕ್ಕೆ ಹೋಗದೆ ನ್ಯಾಯಾಲಯ ಕೊನೆಗೊಳಿಸುವ ಕಾನೂನು ಕ್ರಮ. ಭಾರತದಲ್ಲಿ ಇದಕ್ಕೆ ಎರಡು ದಾರಿಗಳಿವೆ. ವಿಚಾರಣಾ ನ್ಯಾಯಾಲಯದ ಮುಂದೆಯೇ ಅಪರಾಧವನ್ನು ರಾಜಿ ಮಾಡಿಕೊಳ್ಳುವುದು ಒಂದು. ಹೈಕೋರ್ಟು ತನ್ನ ಅಂತರ್ನಿಹಿತ ಅಧಿಕಾರ ಬಳಸಿ ಮೊಕದ್ದಮೆಯನ್ನು ರದ್ದುಪಡಿಸುವುದು ಇನ್ನೊಂದು. ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಪ್ರದೇಶದಲ್ಲಿ 2003ರಿಂದ ಎರಡು ದಶಕ ಮೊದಲನೆಯ ದಾರಿ ತೆರೆದಿತ್ತು. ಗಡಿಯಾಚೆಯ ಬೀದರ್, ಕಲಬುರಗಿ ಜಿಲ್ಲೆಗಳಲ್ಲಿ ಅದು ಎಂದೂ ಇರಲಿಲ್ಲ. ಹೈಕೋರ್ಟಿನ ದಾರಿಯೇ ಹೆಣ್ಣಿಗೆ ಹೆಚ್ಚು ಸುರಕ್ಷಿತ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಎರಡೂ ಬದಿಯ ಕಾನೂನನ್ನು ಪಕ್ಕಪಕ್ಕ ಇಟ್ಟು ಓದಿದರೆ ಆ ಅಭಿಪ್ರಾಯ ಗಟ್ಟಿಯಾಗಿ ನಿಲ್ಲುವುದಿಲ್ಲ.

ಪರಿಭಾಷೆ

ಊರ ಮಾತಿನಲ್ಲಿ ಎಲ್ಲವೂ ‘ಕೇಸು ವಾಪಸ್’. ಕಾನೂನಿನಲ್ಲಿ ಹಾಗಿಲ್ಲ. ಪೊಲೀಸರು ದಾಖಲಿಸಿದ ಪ್ರಕರಣದಲ್ಲಿ ಫಿರ್ಯಾದಿ ಸರ್ಕಾರ. ಹೆಣ್ಣುಮಗಳು ಮೂಲ ದೂರುದಾರಳು, ಮುಖ್ಯ ಸಾಕ್ಷಿ. ಆದ್ದರಿಂದ ಆಕೆ ಪ್ರಕರಣವನ್ನು ತಾನಾಗಿ ಹಿಂದಕ್ಕೆ ಪಡೆಯಲಾರಳು. ‘ರಾಜಿ’ ಎಂದರೆ ದಂಡ ಪ್ರಕ್ರಿಯಾ ಸಂಹಿತೆ, 1973ರ 320ನೇ ಕಲಮು (2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮು) ಪಟ್ಟಿ ಮಾಡಿದ ಅಪರಾಧಗಳನ್ನು ಬಾಧಿತ ವ್ಯಕ್ತಿ ಮುಗಿಸಿಕೊಳ್ಳುವುದು. ಕೆಲವಕ್ಕೆ ಬಾಧಿತರ ಒಪ್ಪಿಗೆ ಸಾಕು, ಕೆಲವಕ್ಕೆ ನ್ಯಾಯಾಲಯದ ಅನುಮತಿ ಬೇಕು. ಪಟ್ಟಿಯಲ್ಲಿ ಇಲ್ಲದ ಯಾವ ಅಪರಾಧವೂ ರಾಜಿಯಾಗದು ಎಂದು ಅದೇ ಕಲಮಿನ ಒಂಬತ್ತನೇ ಉಪಕಲಮು ಹೇಳುತ್ತದೆ. ರಾಜಿಯ ಫಲ ಖುಲಾಸೆ. ‘ರದ್ದತಿ’ ಎಂದರೆ ಹಳೆಯ 482ನೇ ಕಲಮು, ಈಗಿನ 528ನೇ ಕಲಮಿನ ಅಡಿಯಲ್ಲಿ ಹೈಕೋರ್ಟು ಎಫ್‌ಐಆರ್ ಅನ್ನೋ ದೋಷಾರೋಪ ಪಟ್ಟಿಯನ್ನೋ ತೆಗೆದುಹಾಕುವುದು. ಇದು ಖುಲಾಸೆಯಲ್ಲ, ಮೊಕದ್ದಮೆ ಅಲ್ಲಿಗೆ ನಿಂತಂತೆ. ದೂರಿನಲ್ಲೇ ಹುರುಳಿಲ್ಲವೆಂದು ಮಾಡುವ ರದ್ದತಿ ಬೇರೆ ಬಗೆಯದು. ತೆಲಂಗಾಣದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ 2024ರ ಡಿಸೆಂಬರಿನಲ್ಲಿ ಮಾಡಿದ್ದು ಆ ಬಗೆಯದು. ಅದಕ್ಕೆ ರಾಜಿ ಬೇಕಿರಲಿಲ್ಲ. ಸರ್ಕಾರಿ ಅಭಿಯೋಜಕರು ನ್ಯಾಯಾಲಯದ ಒಪ್ಪಿಗೆ ಪಡೆದು ಅಭಿಯೋಜನೆಯಿಂದ ಹಿಂದೆ ಸರಿಯುವುದೂ ಪ್ರತ್ಯೇಕ ವಿಧಾನ (ಹಳೆಯ 321, ಹೊಸ 360ನೇ ಕಲಮು). ದಾಂಪತ್ಯದ ಪ್ರಕರಣಗಳಲ್ಲಿ ಅದರ ಬಳಕೆ ವಿರಳ.

ಪ್ರದೇಶ

ಈ ಮೂರು ಊರುಗಳು 1956ರ ತನಕ ಇಂದಿನ ಕರ್ನಾಟಕದ ಜಿಲ್ಲೆಗಳ ಜೊತೆಗೇ ಇದ್ದವು. ರಾಜ್ಯ ಪುನರ್ವಿಂಗಡಣಾ ಕಾಯ್ದೆ ಹೈದರಾಬಾದ್ ರಾಜ್ಯವನ್ನು ಒಡೆದಾಗ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ವೃತ್ತ ಇವು ಮೆದಕ್ ಜಿಲ್ಲೆಗೆ ಸೇರಿದವು. ಗುಲ್ಬರ್ಗ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಆಂಧ್ರಪ್ರದೇಶಕ್ಕೆ ಹೋದವು. 2016ರ ಜಿಲ್ಲಾ ವಿಂಗಡಣೆಯ ನಂತರ ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಗಡಿ ಬಿದ್ದರೂ ಕೊಡುಕೊಳ್ಳುವುದು ನಿಲ್ಲಲಿಲ್ಲ. ಹುಮನಾಬಾದ್, ಬೀದರ್, ಚಿಂಚೋಳಿ, ಸೇಡಂ ಕಡೆಯ ಮನೆಗಳಿಗೂ ಈ ಊರುಗಳಿಗೂ ಬೀಗತನ ಹಿಂದಿನಂತೆಯೇ ನಡೆದಿದೆ. ಕನ್ನಡ, ತೆಲುಗು, ಉರ್ದು ಒಂದೇ ಮನೆಯಲ್ಲಿ ಕೇಳಿಬರುತ್ತವೆ. ಹೀಗಾಗಿ ದಾಂಪತ್ಯ ಮುರಿದಾಗ ಗಂಡನ ಮನೆ ಒಂದು ರಾಜ್ಯದಲ್ಲಿ, ತವರು ಇನ್ನೊಂದು ರಾಜ್ಯದಲ್ಲಿ ಇರುವುದು ಇಲ್ಲಿ ಅಪರೂಪವಲ್ಲ.

ಕಾನೂನಿನ ಮೂಲ

ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲಿ ಬಂತು. ಭಾರತ ದಂಡ ಸಂಹಿತೆಗೆ 498-ಎ ಕಲಮು ಸೇರಿದ್ದು 1983ರ ತಿದ್ದುಪಡಿಯಿಂದ. ಅದೇ ವರ್ಷ ಡಿಸೆಂಬರ್ 25ರಂದು ಜಾರಿಗೆ ಬಂತು. ಗಂಡ ಅಥವಾ ಅವನ ಬಂಧುಗಳು ಹೆಂಡತಿಗೆ ಕ್ರೌರ್ಯ ಎಸಗಿದರೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಆಗ ದೇಶದ ಮುಂದೆ ಇದ್ದದ್ದು ಸೀಮೆಎಣ್ಣೆ ಒಲೆಯ ಹೆಸರಲ್ಲಿ ಸುಟ್ಟುಹೋದ ಸೊಸೆಯರ ಸಾಲು. ಕೇಸು ಹಾಕಿದವಳನ್ನು ಮನೆಯೊಳಗೇ ಬಗ್ಗಿಸಿ ಹೇಳಿಕೆ ತಿರುಗಿಸಬಹುದೆಂಬ ಭಯ ಸಕಾರಣವಾಗಿತ್ತು. ಆದ್ದರಿಂದ ಅಪರಾಧವನ್ನು ಜಾಮೀನುರಹಿತವನ್ನಾಗಿಸಿ, ರಾಜಿಯ ಪಟ್ಟಿಯಿಂದಲೂ ಹೊರಗಿಟ್ಟರು. ವರದಕ್ಷಿಣೆ ಕಾಯ್ದೆಯ 8ನೇ ಕಲಮು ಆ ಕಾಯ್ದೆಯ ಎಲ್ಲ ಅಪರಾಧಗಳೂ ರಾಜಿಯಾಗತಕ್ಕವಲ್ಲ ಎನ್ನುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ 498-ಎ ಈಗ 85 ಮತ್ತು 86ನೇ ಕಲಮುಗಳಾಗಿದೆ, ಶಿಕ್ಷೆ ಬದಲಾಗಿಲ್ಲ.

ಹೈಕೋರ್ಟಿನ ಅಧಿಕಾರ ಇದಕ್ಕಿಂತ ಹಳೆಯದು. 1898ರ ದಂಡ ಪ್ರಕ್ರಿಯಾ ಸಂಹಿತೆಗೆ 1923ರಲ್ಲಿ ಸೇರಿಸಿದ 561-ಎ ಕಲಮು, ನ್ಯಾಯದ ಉದ್ದೇಶ ಈಡೇರಿಸಲು ಮತ್ತು ನ್ಯಾಯಾಲಯದ ಪ್ರಕ್ರಿಯೆಯ ದುರುಪಯೋಗ ತಡೆಯಲು ಹೈಕೋರ್ಟಿಗೆ ಇರುವ ಅಂತರ್ನಿಹಿತ ಅಧಿಕಾರವನ್ನು ಉಳಿಸಿತು. 1973ರ ಸಂಹಿತೆಯ 482, 2023ರ ಸಂಹಿತೆಯ 528 ಅದರದೇ ಮುಂದುವರಿಕೆ. ರಾಜಿಯಾಗಲಾರದ ಅಪರಾಧವನ್ನು ಈ ಅಧಿಕಾರದಿಂದ ಕೊನೆಗೊಳಿಸಿದರೆ 320ನೇ ಕಲಮಿನ ನಿಷೇಧವನ್ನು ಹಿಂಬಾಗಿಲಿನಿಂದ ದಾಟಿದಂತಾಗದೇ ಎಂಬ ಪ್ರಶ್ನೆ ಎರಡು ದಶಕ ಕಾಡಿತು. 2003ರ ಮಾರ್ಚಿನಲ್ಲಿ ಬಿ.ಎಸ್. ಜೋಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಗಾಗದು ಎಂದಿತು: 498-ಎ ಇರುವುದು ಹೆಣ್ಣಿನ ಹಿತಕ್ಕೆ, ದಂಪತಿಗಳು ಒಪ್ಪಂದಕ್ಕೆ ಬಂದ ಮೇಲೂ ಮೊಕದ್ದಮೆ ಎಳೆದರೆ ಆ ಹಿತಕ್ಕೇ ಅಡ್ಡಿ. 2012ರ ಸೆಪ್ಟೆಂಬರಿನಲ್ಲಿ ಜ್ಞಾನ್ ಸಿಂಗ್ ಪ್ರಕರಣದ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಗಟ್ಟಿಗೊಳಿಸಿತು. ಕೊಲೆ, ಅತ್ಯಾಚಾರ, ದರೋಡೆಯಂಥ ಘೋರ ಅಪರಾಧಗಳನ್ನು ಪಕ್ಷಗಾರರ ಒಪ್ಪಿಗೆಯಿಂದ ಅಳಿಸಲಾಗದು. ವ್ಯಾಪಾರ, ಹಣಕಾಸು, ದಾಂಪತ್ಯದಂಥ ಹೆಚ್ಚುಪಾಲು ಖಾಸಗಿ ಸ್ವರೂಪದ ವ್ಯಾಜ್ಯಗಳನ್ನು ಅಳಿಸಬಹುದು.

2003ರ ಆಂಧ್ರ ತಿದ್ದುಪಡಿ

ಅದೇ 2003ರಲ್ಲಿ ಇನ್ನೆರಡು ಸಂಗತಿಗಳು ನಡೆದವು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಅಧ್ಯಕ್ಷತೆಯ ಕ್ರಿಮಿನಲ್ ನ್ಯಾಯ ಸುಧಾರಣಾ ಸಮಿತಿ, 498-ಎ ಜಾಮೀನು ಸಿಗುವ ಮತ್ತು ರಾಜಿಯಾಗಬಲ್ಲ ಅಪರಾಧವಾಗಬೇಕೆಂದು ಶಿಫಾರಸು ಮಾಡಿತು. ಮಹಿಳಾ ಸಂಘಟನೆಗಳು ಅದನ್ನು ಕಟುವಾಗಿ ವಿರೋಧಿಸಿದವು, ಕೇಂದ್ರ ಅದನ್ನು ಜಾರಿಗೆ ತರಲಿಲ್ಲ. ಮಳಿಮಠರ ನಾಡಾದ ಕರ್ನಾಟಕವೂ ತರಲಿಲ್ಲ. ತಂದದ್ದು ಆಂಧ್ರಪ್ರದೇಶ. ಕ್ರಿಮಿನಲ್ ಪ್ರಕ್ರಿಯೆ ಸಮವರ್ತಿ ಪಟ್ಟಿಯ ವಿಷಯವಾದ್ದರಿಂದ ರಾಜ್ಯಗಳು ತಮ್ಮ ಮಟ್ಟಿಗೆ ಸಂಹಿತೆಯನ್ನು ತಿದ್ದಬಹುದು. ಆಂಧ್ರದ 2003ರ 11ನೇ ಕಾಯ್ದೆ, ಆ ವರ್ಷದ ಆಗಸ್ಟ್ 1ರಿಂದ, 320ನೇ ಕಲಮಿನ ಎರಡನೇ ಕೋಷ್ಟಕಕ್ಕೆ, ಅಂದರೆ ನ್ಯಾಯಾಲಯದ ಅನುಮತಿಯಿಂದ ರಾಜಿಯಾಗುವ ಅಪರಾಧಗಳ ಪಟ್ಟಿಗೆ, 498-ಎ ಸೇರಿಸಿತು. 2014ರಲ್ಲಿ ತೆಲಂಗಾಣ ಬೇರೆಯಾದಾಗ ಜಾರಿಯಲ್ಲಿದ್ದ ಇತರ ಕಾನೂನುಗಳ ಜೊತೆ ಇದೂ ಹೊಸ ರಾಜ್ಯಕ್ಕೆ ಬಂತು.

ಆ ತಿದ್ದುಪಡಿಯ ಎರಡು ಅಂಶಗಳು ಗಮನಾರ್ಹ. ರಾಜಿ ಮಾಡಿಕೊಳ್ಳುವ ಹಕ್ಕು ಯಾರದೆಂಬ ಅಂಕಣದಲ್ಲಿ ದೂರುದಾರ ಎಂದು ಬರೆಯಲಿಲ್ಲ, ಕ್ರೌರ್ಯಕ್ಕೆ ಒಳಗಾದ ಹೆಂಗಸು ಎಂದು ಬರೆದರು. ಅಪ್ಪ ದೂರು ಕೊಟ್ಟಿದ್ದರೂ ರಾಜಿಗೆ ಒಪ್ಪಬೇಕಾದವಳು ಮಗಳು. ಎರಡನೆಯದಾಗಿ, ರಾಜಿಯ ಅರ್ಜಿ ನ್ಯಾಯಾಲಯಕ್ಕೆ ಬಂದ ದಿನದಿಂದ ಕನಿಷ್ಠ ಮೂರು ತಿಂಗಳು ಕಳೆಯಬೇಕು. ಆ ನಡುವೆ ಯಾರೂ ಹಿಂದೆ ಸರಿಯದಿದ್ದರೆ ಮಾತ್ರ ನ್ಯಾಯಾಲಯ ಒಪ್ಪಬಹುದು. ಇಡೀ ಏರ್ಪಾಟಿನ ಜೀವಾಳ ಈ ಮೂರು ತಿಂಗಳು. ಪೊಲೀಸ್ ಠಾಣೆಯ ಮುಂದೆ, ಹಿರಿಯರ ಪಂಚಾಯ್ತಿಯ ನಡುವೆ, ಇಲ್ಲವೇ ಹಬ್ಬಕ್ಕೆ ಮುಂಚೆ ಮನೆ ಸೇರಿಸುವ ಅವಸರದಲ್ಲಿ ಆದ ಒಪ್ಪಿಗೆ ತೊಂಬತ್ತು ದಿನ ಬಾಳುತ್ತದೆಯೇ ಎಂದು ನೋಡುವ ಅವಕಾಶ ಅದರಲ್ಲಿತ್ತು. ಹಣ ಕೊಡುತ್ತೇನೆಂದವನು ಕೊಟ್ಟನೇ, ಬೇರೆ ಮನೆ ಮಾಡುತ್ತೇನೆಂದವನು ಮಾಡಿದನೇ ಎಂಬುದು ಆ ಅವಧಿಯಲ್ಲಿ ಗೊತ್ತಾಗುತ್ತಿತ್ತು. ನ್ಯಾಯಮೂರ್ತಿ ಪಿ.ವಿ. ರೆಡ್ಡಿ ಅಧ್ಯಕ್ಷತೆಯ ಕಾನೂನು ಆಯೋಗ 2011ರ ತನ್ನ 237ನೇ ವರದಿಯಲ್ಲಿ 498-ಎ ನ್ಯಾಯಾಲಯದ ಅನುಮತಿಯಿಂದ ರಾಜಿಯಾಗಬೇಕೆಂದಾಗ ಮೂರು ತಿಂಗಳ ಇಂಥದೇ ಕಾಯುವಿಕೆಯನ್ನು ಸೂಚಿಸಿತು. 2012ರ 243ನೇ ವರದಿಯಲ್ಲೂ ಆ ನಿಲುವನ್ನು ಬಿಡಲಿಲ್ಲ.

ತಿದ್ದುಪಡಿಯಿಂದ ಇನ್ನೊಂದು ಬಾಗಿಲೂ ತೆರೆಯಿತು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 19ನೇ ಕಲಮಿನಂತೆ, ರಾಜಿಯಾಗಲಾರದ ಅಪರಾಧದ ಮೇಲೆ ಲೋಕ ಅದಾಲತ್‌ಗೆ ಅಧಿಕಾರವಿಲ್ಲ. 498-ಎ ಪಟ್ಟಿಗೆ ಸೇರಿದ್ದರಿಂದ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಪ್ರಕರಣಗಳನ್ನು ಲೋಕ ಅದಾಲತ್ ಮುಂದೆ ತರಬಹುದಿತ್ತು. ಬೀದರಿನ ಲೋಕ ಅದಾಲತ್ ಅದೇ ದಂಪತಿಗಳ ಜೀವನಾಂಶದ ಅರ್ಜಿಯನ್ನು ಮುಗಿಸಬಹುದಿತ್ತು, 498-ಎ ಕಡತವನ್ನು ಮಾತ್ರ ಮುಟ್ಟುವಂತಿರಲಿಲ್ಲ.

ಆದರೂ ಆಂಧ್ರದ ಕೆಲಸ ಅರ್ಧಕ್ಕೆ ನಿಂತಿತೆನ್ನಬೇಕು. ಇಂಥ ದೂರು 498-ಎ ಒಂದನ್ನೇ ಹೊತ್ತು ಬರುವುದು ಕಡಿಮೆ. ವರದಕ್ಷಿಣೆ ಕಾಯ್ದೆಯ 3 ಮತ್ತು 4ನೇ ಕಲಮುಗಳು ಬೆನ್ನಿಗಿರುತ್ತವೆ. ಅವು ರಾಜಿಯಾಗತಕ್ಕವಲ್ಲ, ಆಂಧ್ರ ಅವನ್ನು ಮುಟ್ಟಲಿಲ್ಲ. ದಂಡಾಧಿಕಾರಿ 498-ಎ ಮಟ್ಟಿಗೆ ರಾಜಿ ದಾಖಲಿಸಿದರೂ ವರದಕ್ಷಿಣೆಯ ಆರೋಪ ಕಡತದಲ್ಲಿ ಉಳಿಯುತ್ತಿತ್ತು. ಅದನ್ನು ಕಳೆಯಲು ಒಂದೋ ಹೈದರಾಬಾದಿನ ಹೈಕೋರ್ಟಿಗೆ ಹೋಗಬೇಕು, ಇಲ್ಲವೇ ಸಾಕ್ಷಿಕಟ್ಟೆಯಲ್ಲಿ ದೂರುದಾರಳೇ ತಿರುಗಿ ನುಡಿದು ಖುಲಾಸೆಯಾಗಬೇಕು. ಎರಡನೆಯದು ಕಾನೂನೇ ಒಡ್ಡಿದ ಸುಳ್ಳಿನ ದಾರಿ. ವಧುವಿನ ಕಡೆಯವರು ನಿಜ ಹೇಳಿದ್ದರೂ, ರಾಜಿಗೋಸ್ಕರ ಪ್ರಮಾಣ ಮಾಡಿ ಅದನ್ನು ಅಲ್ಲಗಳೆಯಬೇಕಾಗುತ್ತದೆ.

ಹೈಕೋರ್ಟಿನ ದಾರಿ

ರದ್ದತಿಯ ಅರ್ಜಿಯನ್ನು ಸಾಮಾನ್ಯವಾಗಿ ಆರೋಪಿಗಳು ಸಲ್ಲಿಸುತ್ತಾರೆ. ಸರ್ಕಾರ ಮತ್ತು ಮೂಲ ದೂರುದಾರಳು ಎದುರುದಾರರು. ಜೊತೆಗೆ ಜಂಟಿ ಮೆಮೊ, ಒಪ್ಪಂದದ ಪತ್ರ, ಗುರುತಿನ ಪುರಾವೆಗಳು ಇರುತ್ತವೆ. ದೂರುದಾರಳು ಪೀಠದ ಮುಂದೆ, ಅಥವಾ ಪೀಠ ಹೇಳಿದ ಅಧಿಕಾರಿಯ ಮುಂದೆ ಹಾಜರಾಗಿ ಒಪ್ಪಿಗೆ ಸ್ವಇಚ್ಛೆಯದೆಂದು ತಿಳಿಸಬೇಕು; ವಕೀಲರು ಅವಳನ್ನು ಗುರುತಿಸುತ್ತಾರೆ. ಆದೇಶದ ದೃಢೀಕೃತ ಪ್ರತಿ ಕೆಳಗಿನ ನ್ಯಾಯಾಲಯ ಸೇರಿದ ಮೇಲೆ ಕಡತ ಮುಚ್ಚುತ್ತದೆ. ಆರೋಪಿ ವಿದೇಶದಲ್ಲಿದ್ದು ಅವನ ಮೇಲೆ ವಾರಂಟ್ ಅಥವಾ ಲುಕ್‌ಔಟ್ ಸುತ್ತೋಲೆ ಇದ್ದರೆ ಅವುಗಳ ಹಿಂತೆಗೆತಕ್ಕೂ ಈ ಪ್ರತಿಯೇ ಆಧಾರ.

ಯಾವ ಹಂತದಲ್ಲಿ ರಾಜಿಯಾಯಿತು ಎಂಬುದಕ್ಕೆ ತೂಕವಿದೆ. 2014ರ ನರಿಂದರ್ ಸಿಂಗ್ ತೀರ್ಪಿನಂತೆ ತನಿಖೆಯ ಹಂತದಲ್ಲಿ ಹೈಕೋರ್ಟು ಉದಾರವಾಗಿರಬಹುದು, ಸಾಕ್ಷ್ಯ ಮುಗಿಯುವ ಹೊತ್ತಿಗೆ ಬಿಗಿಯಾಗಬೇಕು. ಶಿಕ್ಷೆಯಾದ ಮೇಲೂ ಘೋರವಲ್ಲದ ಪ್ರಕರಣದಲ್ಲಿ ಅಧಿಕಾರ ಇದ್ದೇ ಇದೆ ಎಂದು 2021ರಲ್ಲಿ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರಿದ್ದ ಪೀಠ ಹೇಳಿತು. ಜೀವಹಾನಿಯ ಪ್ರಯತ್ನ, ಬಲವಂತದ ಗರ್ಭಪಾತ, ವರದಕ್ಷಿಣೆ ಸಾವಿನಂಥ ಆರೋಪ ಇದ್ದರೆ ಬರೀ ಒಪ್ಪಂದಪತ್ರ ಸಾಲದು. ಕೆಳ ನ್ಯಾಯಾಲಯಕ್ಕೆ ಈ ಅಧಿಕಾರ ಕೊಡುವ ಒಂದು ಪ್ರಯತ್ನವೂ ನಡೆಯಿತು: 2017ರ ಜುಲೈ 27ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ರಾಜಿಯಾದರೆ ಜಿಲ್ಲಾ ನ್ಯಾಯಾಧೀಶರು ಅಥವಾ ಅವರು ನೇಮಿಸಿದ ಹಿರಿಯ ನ್ಯಾಯಾಧೀಶರು ಪ್ರಕರಣ ಮುಗಿಸಬಹುದು ಎಂದಿತು. 2018ರ ಸೆಪ್ಟೆಂಬರ್ 14ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ರಾಜಿಯಾದವರು 482ನೇ ಕಲಮಿನಡಿ ಹೈಕೋರ್ಟಿಗೇ ಬರಬೇಕೆಂದಿತು. ಸಂಹಿತೆ ಕೊಡದ ಅಧಿಕಾರವನ್ನು ತೀರ್ಪು ಕೊಡಲಾರದು ಎಂಬ ತರ್ಕ ಸರಿಯೇ. ಕೊರತೆ ಇದ್ದದ್ದು ಸಂಹಿತೆಯಲ್ಲಿ.

ಗಡಿಯ ಎರಡು ಬದಿ

ಒಂದೇ ಬಗೆಯ ಜಗಳ ಗಡಿಯ ಎರಡು ಬದಿಗಳಲ್ಲಿ ಪಡೆಯುವ ಬೇರೆಬೇರೆ ಗತಿ ಈ ಪ್ರದೇಶದಲ್ಲಿ ನಿಚ್ಚಳವಾಗಿ ಕಾಣುತ್ತದೆ. ಜಹೀರಾಬಾದಿನ ಹೆಣ್ಣನ್ನು ಬೀದರಿಗೆ ಕೊಟ್ಟಿದ್ದಾರೆ ಎಂದುಕೊಳ್ಳೋಣ. ಗಂಡನ ಮನೆಯಿಂದ ಹೊರಬಿದ್ದವಳು ಆಶ್ರಯ ಪಡೆದ ತವರಿನಲ್ಲೇ ದೂರು ಕೊಡಬಹುದು, ಅಲ್ಲಿಯ ನ್ಯಾಯಾಲಯ ಅದನ್ನು ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟು 2019ರ ಏಪ್ರಿಲಿನಲ್ಲಿ ಸ್ಪಷ್ಟಪಡಿಸಿದೆ. ಅವಳು ಜಹೀರಾಬಾದಿನಲ್ಲಿ ದೂರು ಕೊಟ್ಟಿದ್ದರೆ 498-ಎ ಮಟ್ಟಿಗೆ ಊರಿನ ದಂಡಾಧಿಕಾರಿಯ ಮುಂದೆ ಮೂರು ತಿಂಗಳ ನಂತರ ಮುಗಿಯುತ್ತಿತ್ತು. ಬೀದರಿನಲ್ಲಿ ಕೊಟ್ಟಿದ್ದರೆ ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಬೇಕಿತ್ತು. 2008ರಲ್ಲಿ ಆ ಸಂಚಾರಿ ಪೀಠ ಬರುವ ಮುನ್ನ ಬೆಂಗಳೂರಿಗೇ. (ಅದು 2013ರಲ್ಲಿ ಕಾಯಂ ಆಯಿತು.) ಮದುವೆ, ಮನಸ್ತಾಪ, ಒಪ್ಪಂದ ಎಲ್ಲವೂ ಒಂದೇ, ದೂರು ಬರೆಸಿದ ಠಾಣೆ ಮಾತ್ರ ಬೇರೆ. ದೂರುದಾರಳು ಇದನ್ನು ತಿಳಿದು ಠಾಣೆ ಆರಿಸುವುದಿಲ್ಲ, ತವರಿನ ಅಣ್ಣನ ಜೊತೆ ಹತ್ತಿರದ ಠಾಣೆಗೆ ಹೋಗುತ್ತಾಳೆ, ಅಷ್ಟೇ.

ಮುಸ್ಲಿಂ ಕುಟುಂಬಗಳಲ್ಲಿ, ಅವು ಈ ಮೂರೂ ಊರುಗಳಲ್ಲಿ ಗಣನೀಯ ಸಂಖ್ಯೆಯಲ್ಲಿವೆ, ಅಸಂಗತಿ ಇನ್ನೂ ಎದ್ದು ತೋರುತ್ತದೆ. ತ್ರಿವಳಿ ತಲಾಖನ್ನು ಅಪರಾಧವಾಗಿಸಿದ 2019ರ ಕಾಯ್ದೆಯ 7ನೇ ಕಲಮು, ತಲಾಖ್ ಹೇಳಿಸಿಕೊಂಡ ಹೆಂಗಸು ಬಯಸಿದರೆ ದಂಡಾಧಿಕಾರಿಯ ಅನುಮತಿಯಿಂದ ರಾಜಿಯಾಗಬಹುದೆನ್ನುತ್ತದೆ. ಅಲ್ಲಿಯೂ ಶಿಕ್ಷೆ ಮೂರು ವರ್ಷದವರೆಗೆ. ಒಂದೇ ಸಂಸತ್ತು ಒಂದು ಕಾಯ್ದೆಯಲ್ಲಿ ದಂಡಾಧಿಕಾರಿಯನ್ನು ನಂಬುತ್ತದೆ, ಇನ್ನೊಂದರಲ್ಲಿ ನಂಬುವುದಿಲ್ಲ. ಎರಡು ಆರೋಪಗಳೂ ಒಂದೇ ದೂರಿನಲ್ಲಿದ್ದರೆ, ಆಂಧ್ರದಂಥ ತಿದ್ದುಪಡಿ ಇಲ್ಲದ ಕಡೆ, ಅರ್ಧ ದಂಡಾಧಿಕಾರಿಯ ಮುಂದೆ ಮುಗಿದು ಅರ್ಧ ಹೈಕೋರ್ಟಿಗೆ ಹೋಗಬೇಕು.

ಒಪ್ಪಂದದ ಒಳವಿವರ

ರಾಜಿ ಎರಡು ಬಗೆ: ಕೂಡಿ ಬಾಳುವುದು, ಬೇರೆಯಾಗುವುದು. ಬೇರೆಯಾಗುವ ಒಪ್ಪಂದದಲ್ಲಿ ಶಾಶ್ವತ ಜೀವನಾಂಶದ ಮೊತ್ತ, ಸ್ತ್ರೀಧನ ಮತ್ತು ಮದುವೆಯಲ್ಲಿ ಕೊಟ್ಟ ಬಂಗಾರ, ಪಾತ್ರೆ-ಪಡಗ, ವಾಹನಗಳ ವಾಪಸಾತಿ, ಮಕ್ಕಳು ಯಾರ ಬಳಿ ಇರಬೇಕೆಂಬುದು, ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಹಾಗೂ ಜೀವನಾಂಶದ ಅರ್ಜಿಗಳನ್ನು ಹಿಂತೆಗೆಯುವುದು ಸೇರುತ್ತವೆ. ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಆರು ತಿಂಗಳ ಕಾಯುವಿಕೆಯಿದೆ. ಅದನ್ನು ಸೂಕ್ತ ಸಂದರ್ಭದಲ್ಲಿ ಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮುಸ್ಲಿಂ ದಂಪತಿಗಳಲ್ಲಿ ಖುಲಾ ಅಥವಾ ಮುಬಾರಾತ್ ಬರೆಸುತ್ತಾರೆ. ಹಣದ ಕಂತುಗಳನ್ನು ಸಾಮಾನ್ಯವಾಗಿ ನ್ಯಾಯಾಲಯದ ಹಂತಗಳಿಗೆ ಕಟ್ಟುತ್ತಾರೆ: ಒಂದು ಭಾಗ ವಿಚ್ಛೇದನದ ಅರ್ಜಿಯ ದಿನ, ಒಂದು ಭಾಗ ಡಿಕ್ರಿಯ ದಿನ, ಕೊನೆಯದು ಮೊಕದ್ದಮೆ ಮುಗಿಯುವ ದಿನ. ಈ ಕಟ್ಟುವಿಕೆಗೆ ಕಾರಣ ಪರಸ್ಪರ ಅಪನಂಬಿಕೆ, ಅದು ಅಕಾರಣವೂ ಅಲ್ಲ. ಒಪ್ಪಂದದಂತೆ ವಿಚ್ಛೇದನ ಪಡೆದ ಮೇಲೂ ಹೆಂಡತಿ ಕ್ರಿಮಿನಲ್ ಪ್ರಕರಣ ಮುಂದುವರಿಸಿದ್ದನ್ನು 2004ರಲ್ಲಿ ಸುಪ್ರೀಂ ಕೋರ್ಟು ಪ್ರಕ್ರಿಯೆಯ ದುರುಪಯೋಗವೆಂದು ರದ್ದುಪಡಿಸಿತು. ಕಂತು ಕೊಡದೆ ತಪ್ಪಿಸಿಕೊಳ್ಳುವ ಗಂಡಂದಿರೂ ಇದ್ದಾರೆ. ತಾಯಿಯ ರಾಜಿಯಿಂದ ಮಗುವಿನ ಜೀವನಾಂಶ ಮತ್ತು ಆಸ್ತಿಯ ಹಕ್ಕು ಹೋಗುವುದಿಲ್ಲ, ಒಪ್ಪಂದದಲ್ಲಿ ಏನೇ ಬರೆದಿರಲಿ.

ಭಾಷೆಯ ತೊಡಕು ಈ ಊರುಗಳಿಗೆ ವಿಶೇಷ. ತೆಲಂಗಾಣದ ಆಡಳಿತ ಭಾಷೆ ತೆಲುಗು, ಜೊತೆಗೆ ಉರ್ದು. ಹೈಕೋರ್ಟಿನ ಕಾಗದಗಳು ಇಂಗ್ಲಿಷಿನವು. ಮನೆಯಲ್ಲಿ ಕನ್ನಡ ಆಡುವ ನ್ಯಾಲಕಲ್ ಕಡೆಯ ಹೆಣ್ಣುಮಗಳು ತಾನು ಓದಲಾರದ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಅದು ಸ್ವಇಚ್ಛೆಯದೆಂದು ಇನ್ನೊಂದು ಭಾಷೆಯ ಪ್ರಶ್ನೆಗೆ ಹೂಂ ಎನ್ನಬೇಕಾಗುತ್ತದೆ. ಜಹೀರಾಬಾದಿನ ನ್ಯಾಯಾಲಯದ ಸಿಬ್ಬಂದಿ, ವಕೀಲರಲ್ಲಿ ಅವಳ ಮಾತು ಬಲ್ಲವರು ಸಿಗುವ ಸಾಧ್ಯತೆ ಸುಮಾರು ನೂರು ಕಿಲೋಮೀಟರ್ ದೂರದ ಹೈಕೋರ್ಟಿನಲ್ಲಿ ಸಿಗುವುದಕ್ಕಿಂತ ಹೆಚ್ಚು. ಒಪ್ಪಿಗೆ ನಿಜವೇ ಎಂದು ಅರಿಯುವ ಕೆಲಸಕ್ಕೆ ಇದು ಸಣ್ಣ ಸಂಗತಿಯಲ್ಲ.

ಆಕ್ಷೇಪಗಳು

ವಿಚಾರಣಾ ನ್ಯಾಯಾಲಯಕ್ಕೆ ರಾಜಿಯ ಅಧಿಕಾರ ಕೊಡುವುದರ ವಿರುದ್ಧ ಮೊದಲ ಆಕ್ಷೇಪ ಒತ್ತಡದ್ದು. ಬಡ ಹೆಂಗಸಿನ ಮೇಲೆ ಅತ್ತೆಮನೆ, ತವರು, ಕುಲದ ಹಿರಿಯರು, ಕೆಲವೊಮ್ಮೆ ಪೊಲೀಸರೂ ಒತ್ತಡ ಹೇರುತ್ತಾರೆ. ಊರಿನ ನ್ಯಾಯಾಲಯ ಆ ಒತ್ತಡದ ವಲಯದೊಳಗೇ ಇದೆ, ಹೈಕೋರ್ಟು ಹೊರಗಿದೆ. ಆಕ್ಷೇಪದ ಮೊದಲ ಅರ್ಧ ನಿಜ. ಆದರೆ ಹೈಕೋರ್ಟಿಗೆ ಹೋಗುವ ಹೆಂಗಸನ್ನು ಕರೆದೊಯ್ಯುವವರು ಅದೇ ಜನ. ವಕೀಲರ ಶುಲ್ಕವನ್ನು ಹೆಚ್ಚಾಗಿ ಗಂಡನ ಕಡೆಯವರೇ ಭರಿಸುತ್ತಾರೆ. ಪೀಠದ ಮುಂದೆ ಅವಳಿಗೆ ಸಿಗುವುದು ಕೆಲವು ನಿಮಿಷ. ಎದ್ದು ನಿಂತು ಇಲ್ಲ ಎಂದರೆ ಸಂಜೆ ಅವರ ಜೊತೆಗೇ ಊರಿಗೆ ಮರಳಬೇಕು. ದೂರ ಒತ್ತಡವನ್ನು ಕರಗಿಸುವುದಿಲ್ಲ, ಅದರ ಖರ್ಚನ್ನು ಏರಿಸುತ್ತದೆ. 482ನೇ ಕಲಮಿನಲ್ಲಾಗಲಿ 528ರಲ್ಲಾಗಲಿ ಕಾಯುವ ಅವಧಿಯೂ ಇಲ್ಲ. ಅರ್ಜಿ ಬಂದ ದಿನವೇ ರದ್ದಾಗಬಹುದು. ಮೂರು ತಿಂಗಳು ಬಿಟ್ಟು ಮತ್ತೆ ಬಾ, ಈಗಲೂ ಅದೇ ಮಾತೇ ಹೇಳು ಎನ್ನುವ ಆಂಧ್ರ ತಿದ್ದುಪಡಿ ಬರಹದಲ್ಲೇ ಹೆಚ್ಚು ಕಾವಲು ಇಟ್ಟಿತ್ತು.

ಎರಡನೆಯದು, ಕ್ರೌರ್ಯ ಸಮಾಜದ ವಿರುದ್ಧದ ಅಪರಾಧ, ಅದನ್ನು ಇಬ್ಬರು ಮಾತಾಡಿ ಮುಗಿಸಲಾಗದು ಎಂಬ ವಾದ. ತತ್ತ್ವದಲ್ಲಿ ಇದು ಬಲವಾದದ್ದು. ಆದರೆ 2003ರಿಂದಲೇ ಹೈಕೋರ್ಟುಗಳು ಇದನ್ನು ಮುಗಿಸುತ್ತಿವೆ. ಈಗಿರುವ ಪ್ರಶ್ನೆ ರಾಜಿ ಬೇಕೇ ಬೇಡವೇ ಎಂಬುದಲ್ಲ, ಯಾವ ನ್ಯಾಯಾಲಯ ಯಾವ ಕಾವಲಿನೊಡನೆ ಅದನ್ನು ಪರಿಶೀಲಿಸಬೇಕು ಎಂಬುದು. ಅನುಮತಿಯಿಂದ ರಾಜಿ ಎಂದಾಗಲೇ ಸಮಾಜದ ಪರವಾಗಿ ಇಲ್ಲವೆನ್ನುವ ಅಧಿಕಾರ ನ್ಯಾಯಾಧೀಶರಲ್ಲಿ ಉಳಿಯುತ್ತದೆ. ಎರಡನೇ ಮದುವೆಯ ಅಪರಾಧ ಈ ಬಗೆಯಲ್ಲಿ ರಾಜಿಯಾಗುವ ಪಟ್ಟಿಯಲ್ಲಿ ಮೊದಲಿನಿಂದಲೂ ಇದೆ. ಅದಕ್ಕೆ ಶಿಕ್ಷೆ ಏಳು ವರ್ಷದವರೆಗೆ.

ಮೂರನೆಯದು ಗಂಡಸರ ಕಡೆಯಿಂದ ಬರುತ್ತದೆ: ರಾಜಿಗೆ ದಾರಿ ಸುಲಭವಾದಷ್ಟೂ ಕ್ರಿಮಿನಲ್ ದೂರು ಹಣ ವಸೂಲಿಯ ಸಾಧನವಾಗುತ್ತದೆ ಎಂದು. ಇಲ್ಲಿ ಕಾರಣ-ಕಾರ್ಯ ತಿರುಗುಮುರುಗಾಗಿದೆ. ದೂರಿಗೆ ಚೌಕಾಶಿಯ ಬೆಲೆ ಬರುವುದು ಅದನ್ನು ಮುಗಿಸುವುದು ಕಷ್ಟವಾದಾಗ. ಬಂಧನದ ಭಯವನ್ನು 2014ರ ಅರ್ನೇಶ್ ಕುಮಾರ್ ತೀರ್ಪು ಬಹುಮಟ್ಟಿಗೆ ತಗ್ಗಿಸಿದೆ. ಉಳಿದಿರುವುದು ವರ್ಷಗಟ್ಟಲೆ ಎಳೆಯುವ ವಾಯಿದೆಗಳ ಭಾರ. ಅತ್ತೆ, ನಾದಿನಿ, ಮೈದುನರ ಹೆಸರುಗಳೂ ದೂರಿನಲ್ಲಿದ್ದರೆ ಒಬ್ಬೊಬ್ಬರ ವಾಯಿದೆಯೂ ಆ ಬೆಲೆಗೆ ಕೂಡುತ್ತದೆ.

ಕಾಯುವ ಅವಧಿಯ ಮೇಲೇ ಇರುವ ಆಕ್ಷೇಪ ಹೆಚ್ಚು ಗಂಭೀರ. ಮತ್ತೆ ಕೂಡಿ ಬಾಳುತ್ತಿರುವವರಿಗೆ ತೊಂಬತ್ತು ದಿನ ಮೊಕದ್ದಮೆ ತಲೆಯ ಮೇಲಿರುವುದು ಹಿಂಸೆ. ಬೇರೆಯಾದವರಿಗೆ ಮರುಮದುವೆಗೆ ತಡೆ. 13-ಬಿ ಆರು ತಿಂಗಳನ್ನು ಬಿಡಲು ನ್ಯಾಯಾಲಯಗಳಿಗೆ ಸಿಕ್ಕ ಅವಕಾಶ ಈ ಮೂರು ತಿಂಗಳ ಪರಂತುಕದ ಬರಹದಲ್ಲಿ ಇರಲಿಲ್ಲ. ಹೊಸದಾಗಿ ಇಂಥ ಕಾನೂನು ಬರೆದರೆ, ಹಣ ಪೂರ್ತಿ ಸಂದಿದ್ದರೆ ಮತ್ತು ಮಧ್ಯಸ್ಥಿಕೆ ಕೇಂದ್ರದಲ್ಲಿ ಒಪ್ಪಂದವಾಗಿದ್ದರೆ ಅವಧಿ ತಗ್ಗಿಸುವ ಅಧಿಕಾರವನ್ನು ಸೇರಿಸುವುದು ಯೋಗ್ಯ. ಆಂಧ್ರಪ್ರದೇಶ ಹೈಕೋರ್ಟಿನಿಂದ ಬಂದ ಒಂದು ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ, ರಾಜಿಯ ಅಂಶ ಕಂಡರೆ 498-ಎ ಪ್ರಕರಣಗಳನ್ನೂ ಮಧ್ಯಸ್ಥಿಕೆಗೆ ಕಳಿಸಬೇಕೆಂದು ಕ್ರಿಮಿನಲ್ ನ್ಯಾಯಾಲಯಗಳಿಗೆ ಸೂಚಿಸಿತ್ತು.

ಇಂದಿನ ಸ್ಥಿತಿ

2024ರ ಜುಲೈ 1ರಂದು ದಂಡ ಪ್ರಕ್ರಿಯಾ ಸಂಹಿತೆ ರದ್ದಾಯಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನ ಕೋಷ್ಟಕಗಳಲ್ಲಿ ನ್ಯಾಯ ಸಂಹಿತೆಯ 85ನೇ ಕಲಮು ಇಲ್ಲ. ಕಾನೂನು ಆಯೋಗದ ಎರಡು ವರದಿಗಳು, ಮಳಿಮಠ ಸಮಿತಿ, ಆಂಧ್ರದ ಇಪ್ಪತ್ತು ವರ್ಷದ ಪಾಠ ಯಾವುದನ್ನೂ ಹೊಸ ಸಂಹಿತೆ ಒಳಗೊಳ್ಳಲಿಲ್ಲ. ಹಳೆಯ ಸಂಹಿತೆಗೆ ಹೊಲಿದ ರಾಜ್ಯ ತಿದ್ದುಪಡಿ ಹೊಸದಕ್ಕೆ ತಾನಾಗಿ ಅಂಟಿಕೊಳ್ಳುವುದಿಲ್ಲ. 2003ರಲ್ಲಿ ಆಂಧ್ರ ಮಾಡಿದಂತೆ ರಾಜ್ಯ ಶಾಸಕಾಂಗ ಮತ್ತೆ ಪ್ರತ್ಯೇಕವಾಗಿ ತಿದ್ದಬೇಕಾಗುತ್ತದೆ. ಹೊಸ ಸಂಹಿತೆಯ 531ನೇ ಕಲಮು, ಆ ದಿನಕ್ಕೆ ಬಾಕಿ ಇದ್ದ ವಿಚಾರಣೆಗಳು ಹಳೆಯ ಸಂಹಿತೆಯಂತೆಯೇ ನಡೆಯಬೇಕೆನ್ನುತ್ತದೆ. ಹೀಗಾಗಿ ಈ ಮೂರು ಊರುಗಳ ನ್ಯಾಯಾಲಯಗಳಲ್ಲಿ ಎರಡು ಬಗೆಯ ಕಡತಗಳು ಒಂದೇ ಕಪಾಟಿನಲ್ಲಿ ಕೂತಿವೆ. ಹಳೆಯ ಮೊಕದ್ದಮೆಯಲ್ಲಿ ಹೆಂಗಸು ದಂಡಾಧಿಕಾರಿಯ ಮುಂದೆ ರಾಜಿ ಕೇಳಬಹುದು. 85ನೇ ಕಲಮಿನ ಹೊಸದರಲ್ಲಿ ಬೀದರಿನವಳಂತೆಯೇ ಹೈಕೋರ್ಟಿಗೆ ಹೋಗಬೇಕು. ಕ್ರೌರ್ಯ 2024ಕ್ಕೆ ಮುಂಚಿನದು, ದೂರು ಆಮೇಲಿನದು ಎಂಬಂಥ ಪ್ರಕರಣಗಳಲ್ಲಿ ಅಪರಾಧಕ್ಕೆ ಹಳೆಯ ಕಾನೂನು, ಕ್ರಮಕ್ಕೆ ಹೊಸದು ಎಂಬ ಗೋಜಲೂ ಇದೆ.

ಲೋಕ ಅದಾಲತ್‌ನ ಬಾಗಿಲೂ ಹೊಸ ಪ್ರಕರಣಗಳಿಗೆ ಇದರೊಂದಿಗೇ ಮುಚ್ಚುತ್ತದೆ. ಮಧ್ಯಸ್ಥಿಕೆ ಕಾಯ್ದೆ, 2023ರ 6ನೇ ಕಲಮು ನ್ಯಾಯಾಲಯಗಳು ದಾಂಪತ್ಯದ ಅಪರಾಧಗಳನ್ನು ಮಧ್ಯಸ್ಥಿಕೆಗೆ ಕಳಿಸಬಹುದೆನ್ನುತ್ತದೆ, ಆದರೆ ಅವು ರಾಜಿಯಾಗಬಲ್ಲವಾಗಿದ್ದರೆ ಎಂಬ ಷರತ್ತಿನೊಡನೆ. ಕಾಯುವ ಅವಧಿಯ ಕಲ್ಪನೆ ಮಾತ್ರ ಬೇರೊಂದು ರೂಪದಲ್ಲಿ ಮರಳಿದೆ: ಅಲಹಾಬಾದ್ ಹೈಕೋರ್ಟು ರೂಪಿಸಿದ್ದ, ದೂರಿನ ನಂತರ ಎರಡು ತಿಂಗಳು ಬಂಧಿಸದೆ ಕುಟುಂಬ ಕಲ್ಯಾಣ ಸಮಿತಿಗೆ ಕಳಿಸುವ ಮಾರ್ಗಸೂಚಿಯನ್ನು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಅನುಮೋದಿಸಿತು. ಆ ಎರಡು ತಿಂಗಳ ರಕ್ಷಣೆ ಆರೋಪಿಗೆ ಸಲ್ಲುತ್ತದೆ. ಆಂಧ್ರದ ಮೂರು ತಿಂಗಳು ಹೆಂಗಸಿನ ಒಪ್ಪಿಗೆಯನ್ನು ಕಾಯುತ್ತಿತ್ತು. 359ನೇ ಕಲಮಿಗೆ ತೆಲಂಗಾಣ ಅಥವಾ ಕರ್ನಾಟಕ ತಿದ್ದುಪಡಿ ತರುವುದಾದರೆ, ವರದಕ್ಷಿಣೆ ಕಾಯ್ದೆಯ 8ನೇ ಕಲಮನ್ನೂ ಅದರ ಜೊತೆಗೇ ತಿದ್ದಬೇಕಾಗುತ್ತದೆ. ಹಾಗಾಗದಿದ್ದರೆ ದಂಡಾಧಿಕಾರಿಯ ಮುಂದಿನ ರಾಜಿ 2003ರಂತೆಯೇ ಅರ್ಧ ಕಡತವನ್ನು ಮಾತ್ರ ಮುಚ್ಚುತ್ತದೆ.